ಶಹ್ಹಾತನ ಇನ್ನೊಂದು ಹೆಸರು

ಕೈರೋಗೆ ಹೊರಟಿದ್ದ ರೈಲು ನಮ್ಮೂರ ಹತ್ತಿರ ಹಳಿ ತಪ್ಪಿದ ಮರುದಿನ ತಮ್ಮವರನ್ನು ಹುಡುಕಿ ಬಂದವರಿಂದ ಶಾಲೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಾಯಾಳುಗಳನ್ನು, ಸತ್ತವರನ್ನು ಸುತ್ತಲಿನ ಆಸ್ಪತ್ರೆಗಳಿಗೆ ಹಂಚಿದ್ದರು. ಒಂದೊಂದು ಆಸ್ಪತ್ರೆಯೂ ತನಗೆ ತೋಚಿದಂತೆ ಹೆಸರು ಬರೆದು ನಮ್ಮ ಶಾಲೆಗೆ ಪಟ್ಟಿ ಕಳಿಸುತ್ತಿತ್ತು. ಒಬ್ಬ ಗುಮಾಸ್ತ ಅಕ್ಷರ ನುಂಗುತ್ತಿದ್ದ, ಇನ್ನೊಬ್ಬ ಎರಡು ಹೆಸರು ಅಂಟಿಸುತ್ತಿದ್ದ, ಮತ್ತೊಬ್ಬನಿಗೆ ನಮ್ಮ ಹೆಸರುಗಳ ಕೊನೆಗೆ ಬರುವ ಅಜ್ಜನ ಹೆಸರೇ ಬೇಡ. ಇವರ ಕೈಗಿಷ್ಟು ಬೆಂಕಿ ಹಾಕ!

ನಾನು ಆ ಶಾಲೆಯ ಗಣಿತದ ಟೀಚರ್, ಇನ್ಸಾಫ್. ಆ ಪಟ್ಟಿಗಳನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಅದರ ಕಪ್ಪು ಪರದೆಯ ಮೇಲೆ ಒಂದು ಸಾಲಿನ ಕಮಾಂಡ್ ಟೈಪ್ ಮಾಡಿ, ಹುಡುಕಬೇಕಾದ ಹೆಸರು ಕೊಡುತ್ತಿದ್ದೆ. ಅಕ್ಷರ ಸ್ವಲ್ಪ ಅತ್ತಿತ್ತಾಗಿದ್ದರೂ ಅದು ಹತ್ತಿರದ ಹೆಸರುಗಳನ್ನು ಹೆಕ್ಕಿ, ಎಷ್ಟು ಹೋಲುತ್ತವೆಂದು ನೂರಕ್ಕೆ ಅಂಕ ಹಾಕುತ್ತದೆ. ಎಂಬತ್ತೈದು ದಾಟಿದರೆ ಮಾತ್ರ ನಾನು ಬಾಯಿ ಬಿಡುತ್ತಿದ್ದೆ. ಸುಳ್ಳು ಆಸೆ ಹುಟ್ಟಿಸುವ ಪಾಪ ನನಗೆ ಬೇಡ.

ಮಧ್ಯಾಹ್ನದ ಹೊತ್ತಿಗೆ ಕಪ್ಪು ಬಟ್ಟೆಯ ಹೆಂಗಸೊಬ್ಬಳು ಜನರನ್ನು ತಳ್ಳಿಕೊಂಡು ಬಂದು ನನ್ನ ಮೇಜು ಹಿಡಿದಳು.

"ನನ್ ಮಗ, ತಾಯಿ. ಶಹ್ಹಾತ್. ಅಪ್ಪನ ಹೆಸರು ಮಹಮೂದ್, ಅಜ್ಜ ಅಲಿ. ಕೈರೋಗೆ ಗಾರೆ ಕೆಲ್ಸಕ್ಕೆ ಹೊರಟಿದ್ದ. ಬೇಗ ನೋಡಮ್ಮ."

ಕೊಟ್ಟು ನೋಡಿದೆ. ಮೇಲೆ ಬಂದ ಹೆಸರಿಗೆ ಅರವತ್ತೆರಡು. ಅದು ಎಪ್ಪತ್ತು ವರ್ಷದ ಮುದುಕನದು.

ಪಕ್ಕದಲ್ಲಿ ಚಹಾ ಹಂಚುತ್ತಿದ್ದ ನಮ್ಮ ಡ್ರಾಯಿಂಗ್ ಮೇಷ್ಟ್ರು ರಿಫಾತ್ ಲ್ಯಾಪ್‌ಟಾಪಿನತ್ತ ಬಗ್ಗಿ ನೋಡಿದ. "ಏನಂತಾಳೆ ನಿಮ್ಮ ಈ ಕಪ್ಪು ಪರದೆಯ ರಾಣಿ?"

"ಬಾಯಿ ಮುಚ್ಕೊಂಡು ಈಯಮ್ಮನಿಗೆ ಚಹಾ ಕೊಡಯ್ಯ," ಎಂದು ಗದರಿದೆ.

ಹೆಂಗಸು ಚಹಾ ಮುಟ್ಟಲಿಲ್ಲ. ನನಗೆ ಆಗ ಹೊಳೆಯಿತು. ಶಹ್ಹಾತ್ ಎಂದರೆ ಭಿಕ್ಷುಕ. ನಮ್ಮ ಕಡೆ ಹುಟ್ಟಿದ ಕೂಸುಗಳು ಉಳಿಯದಿದ್ದರೆ, ಮುಂದಿನದಕ್ಕೆ ತಾಯಿ ಮನೆಮನೆ ತಿರುಗಿ ಹಳೇ ಬಟ್ಟೆ ಬೇಡಿ ತಂದು ಉಡಿಸುತ್ತಾಳೆ, ಇಂಥದ್ದೊಂದು ಕೀಳು ಹೆಸರು ಹಿಡಿದು ಕೂಗುತ್ತಾಳೆ. ಕೆಟ್ಟ ಕಣ್ಣು ಇತ್ತ ತಿರುಗದಿರಲಿ ಅಂತ.

"ಅಮ್ಮಾ, ಇವನಿಗಿಂತ ಮುಂಚೆ ಎಷ್ಟು ಮಕ್ಕಳು ಹೋದ್ವು?"

"ನಾಕು," ಎಂದಳು. ದನಿ ಸಣ್ಣಗಾಯಿತು.

"ಹಾಗಾದ್ರೆ ಗುರುತಿನ ಚೀಟೀಲಿ ಬೇರೆ ಹೆಸರಿರ್ಬೇಕು. ಆಸ್ಪತ್ರೆಯವ್ರು ಜೇಬಿನ ಚೀಟಿ ನೋಡಿ ಬರ್ಕೊಂಡಿರ್ತಾರೆ. ಅದನ್ನ ಹೇಳಿ."

ಅವಳು ತಲೆಬಟ್ಟೆಯ ಅಂಚಿನಿಂದ ಬಾಯಿ ಮುಚ್ಚಿಕೊಂಡಳು. "ಅದನ್ನ ಅವ್ನು ಹುಟ್ಟಿದಾಗಿಂದ ನಾನು ಬಾಯಲ್ಲಿ ಆಡಿಲ್ಲ. ಅವ್ನಪ್ಪ ಬರೆಸ್ಕೊಂಡು ಬಂದ, ಅಷ್ಟೆ. ಇವತ್ತು ಆಡ್ತೀನಾ? ಸಾವು ಊರೆಲ್ಲಾ ತಿರುಗ್ತಿರೋ ದಿನ?"

ಹೆಸರು ಬಿಟ್ಟು ಅಪ್ಪ, ಅಜ್ಜನನ್ನೇ ಕೊಟ್ಟು ನೋಡಿದೆ. ಮಹಮೂದ್ ಅಲಿಯ ಮಕ್ಕಳಿಗೆ ನಮ್ಮಲ್ಲಿ ಬರವೇ? ಪರದೆ ತುಂಬಿತು. ಅವರಲ್ಲಿ ಇಬ್ಬರು ಹುಡುಗರು ಸತ್ತವರ ಸಾಲಿನಲ್ಲಿದ್ದರು. ಓದಲು ಶುರು ಮಾಡಿದೆನೋ ಇಲ್ಲವೋ, ಅವಳು ಕಿವಿ ಮುಚ್ಚಿಕೊಂಡು ಚೀರಿದಳು. "ಓದ್ಬೇಡ! ಅವನ ಹೆಸರು ಸತ್ತೋರ ಜೊತೆ ಸೇರಿಸಿ ಕೂಗ್ಬೇಡ!"

ನನಗೆ ಸಿಟ್ಟು ನೆತ್ತಿಗೇರಿತು. "ಹಾಗಾದ್ರೆ ನಾನೇನ್ಮಾಡ್ಲಿ? ಮಗ ಬೇಕೋ, ಗುಟ್ಟು ಬೇಕೋ?" ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ನಾಲ್ಕು ಕೂಸುಗಳನ್ನು ಮಣ್ಣು ಮಾಡಿದವಳ ಹತ್ತಿರ ಆಡುವ ಮಾತೇ ಅದು? ಎದ್ದು ಹೋಗಿ ಅವಳ ಕೈ ಹಿಡಿದೆ. "ನನ್ ಕಿವೀಲಿ ಹೇಳಮ್ಮ. ಗಾಳಿಗೂ ಕೇಳಿಸೋದ್ ಬೇಡ. ನಾನು ಯಾರಿಗೂ ಹೇಳಲ್ಲ, ದೇವರಾಣೆ."

ಅವಳು ಸುತ್ತ ಒಮ್ಮೆ ಕಣ್ಣಾಡಿಸಿದಳು. ಆಮೇಲೆ ನನ್ನ ಕಿವಿಗೆ ತುಟಿ ತಾಗಿಸಿ ಉಸುರಿದಳು. ಎಂಥ ಚೆಂದದ ಹೆಸರು! ನಿಮಗೂ ಹೇಳುವುದಿಲ್ಲ, ಆಣೆ ಇಟ್ಟಿದ್ದೇನೆ. ರಿಫಾತನನ್ನು ಅತ್ತ ಕಳಿಸಿ, ಪರದೆಗೆ ಬೆನ್ನು ಅಡ್ಡ ಮಾಡಿಕೊಂಡು ಟೈಪ್ ಮಾಡಿದೆ. ತೊಂಬತ್ತೊಂದು. ಒಂದಕ್ಷರ ಗುಮಾಸ್ತ ನುಂಗಿದ್ದ. ಸತ್ತವರ ಸಾಲಲ್ಲ, ಗಾಯಾಳುಗಳ ಸಾಲು.

"ಸಿಕ್ಕಿದಾನೆ" ಎನ್ನುತ್ತ ಆ ಆಸ್ಪತ್ರೆಗೆ ಫೋನ್ ಮಾಡಿ, ಹೆಸರಿನ ಬದಲು ಪಟ್ಟಿಯಲ್ಲಿದ್ದ ಸಂಖ್ಯೆ ಹೇಳಿದೆ. ವಾರ್ಡಿನ ನರ್ಸ್ ನಿಟ್ಟುಸಿರು ಬಿಟ್ಟಳು. "ಅವನಾ? ಉಸಿರಾಡ್ತಿದಾನೆ ಅಷ್ಟೆ. ಬೆಳಗಿಂದ ಹೆಸರು ಹಿಡಿದು ಕೂಗ್ತಿದೀವಿ, ರೆಪ್ಪೇನೂ ಅಲುಗಿಸಿಲ್ಲ. ತಲೆಗೆ ಪೆಟ್ಟು. ಡಾಕ್ಟ್ರೂ ಏನೂ ಹೇಳ್ತಿಲ್ಲ."

ನನ್ನ ಮುಖ ನೋಡಿಯೇ ಆ ತಾಯಿಗೆ ಗೊತ್ತಾಯಿತು. "ಏನಂತೆ? ಹೇಳೇ!"

ಹೇಳಿದೆ. "ಕರೆದ್ರೆ ಓಗೊಡ್ತಿಲ್ವಂತೆ, ಅಮ್ಮಾ."

"ಯಾವ ಹೆಸ್ರು ಕರೀತಿದಾರೆ?" ಎಂದವಳೇ ಫೋನ್ ಕಿತ್ತುಕೊಂಡಳು. "ಏಯ್ ಹುಡುಗಿ! ಇದನ್ನ ಅವನ ಕಿವಿಗಿಡು! ಇಟ್ಯಾ? ಶಹ್ಹಾತ್! ಲೋ ಶಹ್ಹಾತ್! ಬಿಸಿಲು ನೆತ್ತಿಗ್ ಬಂತು, ಇನ್ನೂ ಬಿದ್ಕೊಂಡಿದೀಯಲ್ಲೋ! ಶಹ್ಹಾತ್!"

ನಾನು ಕೈ ಚಾಚಿ ಫೋನಿನ ಸ್ಪೀಕರ್ ಒತ್ತಿದೆ. ಫೋನಿನಲ್ಲಿ ಏನೂ ಇಲ್ಲ. ಮಂಚ ಕಿರುಗುಟ್ಟಿದ ಸದ್ದು. ಆಮೇಲೆ ನರ್ಸ್ ಯಾರನ್ನೋ ಕೂಗಿದಳು, ಡಾಕ್ಟ್ರೇ, ಡಾಕ್ಟ್ರೇ ಅಂತ.

"ಅಮ್ಮಾ," ಎಂದಿತು ಒಣಗಿದ ಗಂಟಲು. "ಎದ್ದೆ. ಕಿರುಚ್ಬೇಡ."

"ಕಿರುಚ್ತೀನಿ ಕಣೋ," ಎಂದಳು ಅವಳು, ಅಲ್ಲೇ ನೆಲಕ್ಕೆ ಕುಸಿಯುತ್ತ. "ಬಂದು ಸೇರೋ ತನಕ ಕಿರುಚ್ತಾನೇ ಇರ್ತೀನಿ."