ಚಾಪೆಯ ಫೋರ್ತ್ ಸೀಟ್

ಚಾಪೆಗೆ ಅಂಟಿದ್ದ ಹಸಿ ಮಣ್ಣನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ. ಮಕ್ಕಳು ನೋಡುತ್ತಿದ್ದರು. ಅದು ಇಂಚರಳ ಕುರಿಯ ಮಣ್ಣು. ಕ್ರಿಸ್ಮಸ್ ಗೋದಲಿಯಲ್ಲಿ ಇಡಲೆಂದು ಅವಳು ಮಾಡಿದ್ದ ಕುರಿಯ ಮೇಲೆ ಸಮಿತ್ ಈಗಷ್ಟೇ ಕುಳಿತುಬಿಟ್ಟಿದ್ದ.

ಮುಂಬೈ ಹತ್ತಿರದ ಡೊಂಬಿವಲಿಯ ಈ ಸೊಸೈಟಿಯ ಹಾಲ್‌ನಲ್ಲಿ ಭಾನುವಾರ ನಮ್ಮ ಕನ್ನಡ ಕ್ರೈಸ್ತ ಸಭೆ ಕೂಡುತ್ತದೆ. ದೊಡ್ಡವರು ಅಲ್ಲಿ ಹಾಡುವಾಗ ಪುಟ್ಟವರನ್ನು ಪಕ್ಕದ ಸಣ್ಣ ಕೋಣೆಯಲ್ಲಿ ನಾನು ನೋಡಿಕೊಳ್ಳುತ್ತೇನೆ. ಡಿಸೆಂಬರಿನ ಬಿಸಿಲು ಗ್ರಿಲ್ಲಿನಿಂದ ಇಳಿದು ಚಾಪೆಯ ಮೇಲೆ ಪಟ್ಟೆಪಟ್ಟೆಯಾಗಿ ಬಿದ್ದಿತ್ತು. ದೂರದಲ್ಲಿ ಲೋಕಲ್ ರೈಲು ಹೊರಟಾಗ ಆ ಪಟ್ಟೆಗಳೂ ಮೆಲ್ಲಗೆ ಹೊರಟಂತೆ ಕಂಡವು.

ಸಮಿತ್ ಖಾರಘರದಿಂದ ಹೊಸದಾಗಿ ಬಂದವನು. ಅವನಿಗೆ ಇಲ್ಲಿ ಇನ್ನೂ ಗೆಳೆಯರಿಲ್ಲ. ಚಪ್ಪಟೆಯಾದ ಕುರಿಯನ್ನು ಚಾಚಿ, "ಸಾರಿ," ಎಂದ.

"ಕ್ಷಮಿಸು ಪುಟ್ಟಿ," ಎಂದೆ ಇಂಚರಳಿಗೆ. "ಕ್ಷಮಿಸೋದು ಅಂದ್ರೆ ಗೊತ್ತಲ್ಲ?"

"ಗೊತ್ತು ಅಕ್ಕಾ. ಮಾಫ್ ಕರ್‌ನಾ." ಅವಳು ಅಂಗೈ ಎತ್ತಿ, ಮುಖ ತಿರುಗಿಸಿದಳು. "ಮಾಫ್ ಕರೋ. ಆಗೇ ಜಾವೋ."

ಸ್ಟೇಷನ್ನಿನ ಸೇತುವೆಯ ಮೇಲೆ ಕೈಚಾಚಿದ ಭಿಕ್ಷುಕರಿಗೆ ಅವಳ ಅಮ್ಮ ಹೇಳುವುದು ಹಾಗೆಯೇ, ಮುಂದೆ ಹೋಗು ಅಂತ. ಉಳಿದಿಬ್ಬರು ಮಕ್ಕಳೂ ಅಂಗೈ ಎತ್ತಿದರು. ಸಮಿತ್ ನಿಜಕ್ಕೂ ಮುಂದೆ ಹೋದ. ಬಾಗಿಲು ದಾಟಿ, ಚಪ್ಪಲಿಗಳ ನಡುವೆ ನಿಂತ.

ಆರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಹೊರಗೆ ನಿಂತು ಒಳಗಿನ ಪಾಠ ಕೇಳುವುದು ಹೇಗಿರುತ್ತದೆಂದು ಬಲ್ಲೆ. ಇವತ್ತು ಹೀಗೇ ಮನೆಗೆ ಹೋದರೆ ಅವನು ಮತ್ತೆ ಬರುವುದಿಲ್ಲ.

ಕ್ಷಮೆಗೆ ಬೇರೆ ಪದ ಹುಡುಕಿದೆ, ಸಿಗಲಿಲ್ಲ. ಬಿಸಿಲಿನ ಪಟ್ಟೆಗಳನ್ನೇ ನೋಡುತ್ತಾ ಹೇಳಿದೆ: "ಈ ಚಾಪೆ ಥಾಣೆಯಿಂದ ಬರುವ ಲೋಕಲ್ ಅಂದ್ಕೊಳ್ಳಿ. ಸೀಟಲ್ಲಿ ಮೂವರು ಕೂತಿದ್ದಾರೆ. ನಿಮ್ಮಮ್ಮ ಸುಸ್ತಾಗಿ ಹತ್ತಿದ್ರು. ಆಗ ಕೂತವರು ಏನು ಮಾಡ್ತಾರೆ?"

"ಸರಕ್ತೇ ಹೈಂ," ಎಂದಿತು ಎಲ್ಲರಿಗಿಂತ ಚಿಕ್ಕ ಮಗು, ಪಕ್ಕಕ್ಕೆ ಸರಿಯುವುದನ್ನು ಕೈಯಲ್ಲಿ ತೋರಿಸುತ್ತಾ. "ಫೋರ್ತ್ ಸೀಟ್ ದೇತೇ ಹೈಂ."

"ಆ ನಾಲ್ಕನೇ ಜಾಗದಲ್ಲಿ ಅರ್ಧ ಕುಂಡಿ ಮಾತ್ರ ಹಿಡೀತದೆ," ಎಂದ ಅದರ ಅಣ್ಣ. ಎಲ್ಲರೂ ನಕ್ಕರು, ಇಂಚರಳನ್ನು ಬಿಟ್ಟು.

"ಅಷ್ಟು ಸಾಕು," ಎಂದೆ. "ಯೇಸುಸ್ವಾಮಿ ಕ್ಷಮಿಸೋದು ಹಾಗೆ. ಆಗೇ ಜಾವೋ ಅನ್ನೋದಿಲ್ಲ. ಸರಿದು ಪಕ್ಕದಲ್ಲಿ ಜಾಗ ಕೊಡ್ತಾರೆ."

"ಅವನು ಮತ್ತೆ ಕುರಿ ಮೇಲೆ ಕೂತ್ರೆ?" ಎಂದಳು ಇಂಚರ.

"ಮತ್ತೆ ಸರಿಯೋದು."

"ಆದ್ರೆ ನಂಗೆ ಬೇಜಾರಾಗಿದೆ."

"ಆಗ್ಲಿ. ಬೇಜಾರು ಮಡಿಲಲ್ಲೇ ಇರ್ಲಿ. ಬ್ಯಾಗ್ ಮಡಿಲಲ್ಲಿ ಇಟ್ಕೊಂಡೇ ಸರಿಯೋದಿಲ್ವಾ?"

ಅವಳು ತನ್ನ ಖಾಲಿ ಮಡಿಲನ್ನು ನೋಡಿಕೊಂಡಳು. ಹಾಲ್‌ನಲ್ಲಿ ಹಾಡು ಮುಗಿದು, ಪ್ರಾರ್ಥನೆ ತಗ್ಗಿದ ದನಿಯಲ್ಲಿ ನೀರಿನಂತೆ ಹರಿದು ಬಂತು: ನಾವು ಕ್ಷಮಿಸಿದಂತೆ, ನಮ್ಮನ್ನೂ. ಬಿಸಿಲಿನ ಪಟ್ಟೆ ಬಾಗಿಲಿನವರೆಗೂ ಚಾಚಿತ್ತು. ಸಮಿತ್ ಅದರ ಮೇಲೆಯೇ ಹೆಜ್ಜೆಯಿಡುತ್ತಾ ಬಂದು ಚಾಪೆಯ ಅಂಚಿನಲ್ಲಿ ನಿಂತ. ಮುಷ್ಟಿಯಲ್ಲಿ ಮಣ್ಣು ಇನ್ನೂ ಇತ್ತು.

"ಇಂಚರಾ, ಥೋಡಾ ಸರಕ್ ನಾ," ಎಂದ ಅವನು.