ಪಿಕಪ್ಪಿನ ಹಿಂದಿನ ಕಮಾನು

ಬಸ್ಸು ರಸ್ತೆ ಬಿಟ್ಟು ಕಬ್ಬಿನ ಗದ್ದೆಗೆ ನುಗ್ಗಿದ ದಿನದಿಂದ ಉಚ್ಚಂಗೆಪ್ಪ ಯಾವ ಗಾಡಿಯನ್ನೂ ಓಡಿಸಿರಲಿಲ್ಲ. ದಾವಣಗೆರೆ–ಹರಿಹರದ ನಡುವೆ ಖಾಸಗಿ ಬಸ್ಸು ಓಡಿಸುತ್ತಲೇ ತಲೆಗೂದಲು ನರೆಸಿಕೊಂಡವನು ಅವನು. ಅವತ್ತು ತಿರುವಿನಲ್ಲಿ ಹಿಂದಿನ ಕಮಾನು ಪಟ್ಟಿ ಫಟ್ಟೆಂದು ಮುರಿದು, ಚಕ್ರಗಳ ಅಚ್ಚು ಓರೆಯಾಗಿ, ಬಸ್ಸು ಅವನ ಕೈಮಾತು ಕೇಳದೆ ಹೋಗಿತ್ತು. ಯಾರೂ ಸಾಯಲಿಲ್ಲ. ಒಬ್ಬ ಮುದುಕಿಯ ಕೈ ಮುರಿದಿತ್ತು, ಅದೂ ಕೂಡಿಕೊಂಡಿತು.

"ನಿಂದೇನು ತಪ್ಪೈತೋ? ಕಬ್ಬಿಣ ಮುರಿದ್ರೆ ಮನುಷ್ಯ ಏನ್ ಮಾಡಾಕಾಗ್ತೈತೆ? ಬಾ, ಮತ್ತೆ ಹತ್ತು," ಎಂದಿದ್ದರು ಬಸ್ಸಿನ ಮಾಲೀಕ ನಾಗರಾಜಪ್ಪ.

ಹತ್ತಿದ್ದ. ಆದರೆ ಬೆನ್ನ ಹಿಂದೆ ಜನ ಕೂತು, ಮಾತು ನಗು ಕೇಳತೊಡಗಿದ್ದೇ ಕೀಲಿ ತಿರುಗಿಸಲಾಗದೆ, ಎಲ್ಲರೂ ನೋಡುತ್ತಿದ್ದಂತೆ ಇಳಿದು ಬಂದಿದ್ದ.

ಆಮೇಲೆ ಅವನಿಗೆ ಕೆಲಸ ಕೊಟ್ಟವನು ಹಿದಾಯತ್. ಪಿ.ಬಿ. ರಸ್ತೆಯ ಮಗ್ಗುಲಲ್ಲಿ ಅವನದು ಕಮಾನು ಕೆಲಸದ ಅಂಗಡಿ. ಒಂದರ ಕೆಳಗೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು ಬಿಲ್ಲಿನಂತೆ ಬಾಗಿ ಲಾರಿ ಬಸ್ಸುಗಳ ಭಾರ ಹೊರುತ್ತವಲ್ಲ, ಅವು ಮುರಿದರೆ ಹೊಸದು ಕೂರಿಸುವುದು, ಸೋತು ಸಪಾಟಾದರೆ ಕುಲುಮೆಯಲ್ಲಿ ಕಾಯಿಸಿ ಮತ್ತೆ ಬಾಗಿಸುವುದು ಅಲ್ಲಿಯ ಕೆಲಸ. ಉಚ್ಚಂಗೆಪ್ಪ ಜಾಕ್ ಏರಿಸಿದ, ಬೋಲ್ಟು ಬಿಗಿದ, ತಿದಿ ಒತ್ತಿದ. ರಿಪೇರಿಯಾದ ಗಾಡಿಯನ್ನು ಅಂಗಡಿಯಿಂದ ಹೊರಗೆ ತೆಗೆಯುವ ಹೊತ್ತಿಗೆ ಮಾತ್ರ ಏನೋ ನೆಪ ಹೇಳಿ ಚಹಾ ತರಲು ಹೋಗುತ್ತಿದ್ದ. ಹಿದಾಯತ್ ಅದನ್ನು ಗಮನಿಸಿದ್ದ. ಕೇಳಲು ಹೋಗಿರಲಿಲ್ಲ.

ಹೀಗಿರುವಾಗ, ಎಂಬತ್ತೆರಡನೇ ಇಸವಿಯ ಮಳೆಗಾಲ ಮುಗಿಯುತ್ತಿದ್ದಂತೆ, ಕೆ.ಬಿ. ಬಡಾವಣೆಯ ಹತ್ತಿಬೀಜದ ವ್ಯಾಪಾರಿ ವಾಮದೇವಪ್ಪ ತಮ್ಮ ಪಿಕಪ್ಪನ್ನು ತಂದು ಅಂಗಡಿಯ ಮುಂದೆ ನಿಲ್ಲಿಸಿದರು. ಜೀಪಿನ ಮೂತಿ, ಹಿಂದೆ ಮೂಟೆ ಹೇರುವ ತೆರೆದ ತೊಟ್ಟಿ. ಅದರ ಹಳೇ ಎಂಜಿನ್ ತೆಗೆಸಿ, ಹರಾಜಿನಲ್ಲಿ ಹಿಡಿದ ದೊಡ್ಡ ಪರದೇಶಿ ಕಾರಿನ ಎಂಜಿನ್ ಕೂರಿಸಿದ್ದರು. ಬೀಜ ಸಾಗಿಸಲು ಅಂಥ ಎಂಜಿನ್ ಬೇಕಿರಲಿಲ್ಲ. ಅದು ರೇಸಿಗೆ.

ಹರಿಹರದ ಕೆಲವು ಗಾಡಿ ಹುಚ್ಚಿನವರು ಸೇರಿ ರಾಜ್ಯೋತ್ಸವದ ದಿನ ಒಂದು ಓಟ ನಡೆಸುತ್ತಿದ್ದರು. ಊರಾಚೆ ಹೊಸದಾಗಿ ಡಾಂಬರು ಹಾಕಿ ಇನ್ನೂ ಸಂಚಾರಕ್ಕೆ ಬಿಡದ ನೇರ ರಸ್ತೆ. ಎರಡೆರಡು ಗಾಡಿ ಪಕ್ಕಪಕ್ಕ ನಿಂತು, ಬಾವುಟ ಬಿದ್ದೊಡನೆ ಹೊರಟು, ಎರಡು ಫರ್ಲಾಂಗು ದಾಟಬೇಕು. ತಿರುವಿಲ್ಲ, ಸುತ್ತಿಲ್ಲ. ಹಿಂದಿನ ವರ್ಷ ವಾಮದೇವಪ್ಪನವರ ಪಿಕಪ್ಪು ಬಾವುಟ ಬಿದ್ದಲ್ಲೇ ಹಿಂಗಾಲು ಝಾಡಿಸುವ ಕತ್ತೆಯ ಹಾಗೆ ಕುಪ್ಪಳಿಸಿ, ಅಚ್ಚು ಮುರಿದುಕೊಂಡು ನಿಂತಿತ್ತು.

"ಹಿಡಿದು ತಳ್ಳಿದ ಹುಡುಗ್ರು ಸೈತ ನಕ್ರಪ್ಪ," ಎಂದರು ವಾಮದೇವಪ್ಪ. "ಎಂಜಿನ್ನಿಗೆ ತಾಕತ್ತೈತೆ. ಹಿಂದೆ ಕುಣೀತೈತೆ. ಅದೊಂದು ನಿಲ್ಲಿಸಿ ಕೊಡು ಹಿದಾಯತ್."

ಹಿದಾಯತ್ ಮೊದಲು ತನಗೆ ಗೊತ್ತಿದ್ದ ಮದ್ದನ್ನೇ ಮಾಡಿದ. ಲಾರಿಗೆ ಮಾಡುವಂತೆ ಹೆಚ್ಚಿನ ಪಟ್ಟಿ ಸೇರಿಸಿ ಕಮಾನನ್ನು ಬಿರುಸು ಮಾಡಿದ. ಆನೆಕೊಂಡದ ಆಚೆಗಿನ ಖಾಲಿ ರಸ್ತೆಯಲ್ಲಿ ಓಡಿಸಿ ನೋಡಿದರೆ ಕುಣಿತ ಇನ್ನೂ ಜೋರಾಯಿತು. ತೊಟ್ಟಿಗೆ ಮರಳಿನ ಚೀಲ ಹೇರಿದರು. ಕುಣಿತ ಕಮ್ಮಿಯಾಯಿತು, ಓಟವೂ ಎಮ್ಮೆಯ ಓಟವಾಯಿತು.

"ಇದರ ಮರ್ಜಿ ಏನಂತ ತಿಳೀವಲ್ದು," ಎಂದು ಹಿದಾಯತ್ ತಲೆ ಕೆರೆದುಕೊಂಡ.

ಉಚ್ಚಂಗೆಪ್ಪ ಚೀಲಗಳನ್ನು ಇಳಿಸಿ, ತೊಟ್ಟಿಯ ತಳದ ಒಂದು ಹಲಗೆ ಬಿಚ್ಚಿದ. "ಸಾವ್ಕಾರ್ರೆ, ನೀವು ಓಡಿಸ್ರಿ. ನಾನು ಇಲ್ಲಿಂದ ಕೆಳಗೆ ನೋಡ್ತೀನಿ."

ಹೊಟ್ಟೆಯ ಮೇಲೆ ಮಲಗಿ, ಸಂದಿಯಲ್ಲಿ ಮುಖವಿಟ್ಟ. ವಾಮದೇವಪ್ಪ ಕ್ಲಚ್ ಬಿಟ್ಟರು. ಬಸ್ಸು ಗದ್ದೆಗೆ ನುಗ್ಗಿದ ದಿನದಿಂದ ಯಾವುದನ್ನು ನೆನೆದು ನಿದ್ದೆ ಕೆಡಿಸಿಕೊಂಡಿದ್ದನೋ ಅದನ್ನು ಉಚ್ಚಂಗೆಪ್ಪ ಈಗ ಕಣ್ಣಾರೆ ಕಂಡ. ಎಂಜಿನ್ನಿನ ಬಲ ಬಂದು ಬಡಿದೊಡನೆ ಅಚ್ಚು ಮೇಲಕ್ಕೆ ಮೂತಿಯೆತ್ತಿ ತಿರುಚಿಕೊಳ್ಳುತ್ತಿತ್ತು. ಅದರ ಜೊತೆ ಕಮಾನಿನ ಮುಂದಿನ ಅರ್ಧ ಹಾವಿನಂತೆ ಡೊಂಕಾಗುತ್ತಿತ್ತು. ಡೊಂಕು ತಡೆಯಲಾರದಷ್ಟಾದಾಗ ಚಕ್ರ ನೆಲ ಬಿಟ್ಟು ಕಮಾನು ಸಟಕ್ಕನೆ ಮೊದಲಿನಂತಾಗುತ್ತಿತ್ತು. ಮತ್ತೆ ಡೊಂಕು, ಮತ್ತೆ ಸಟಕ್ಕು. ಅದೇ ಕುಣಿತ.

ಮೈತುಂಬ ಧೂಳಾಗಿ ಇಳಿದು ಬಂದ. "ಸಾಬ್ರೆ, ಹಿಂದಿನ ಅರ್ಧ ಸುಮ್ನೆ ಕುಂತೈತೆ. ಹೊಡ್ತ ಎಲ್ಲ ತಿನ್ನೋದು ಮುಂದಿನ ಅರ್ಧ."

ಹಿದಾಯತ್ ಕಣ್ಣರಳಿಸಿದ. "ಹಂಗಾದ್ರೆ ಪೂರಾ ಕಮಾನು ಬಿರುಸು ಮಾಡೋದು ಬ್ಯಾಡ. ಮುಂದಿಂದು ಅಷ್ಟೇ ಬಿಗಿ, ಹಿಂದಿಂದು ಸಡ್ಲ. ಅಲ್ಲೇನಣ್ಣಾ?"

"ಬಿಗಿದ್ರೂ ಅಚ್ಚು ತಿರುಗಾಕೆ ನೋಡ್ತೈತೆ. ಅದಕ್ಕೊಂದು ತಡೆ ಬೇಕು."

ಇಬ್ಬರೂ ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿದರು, ಅಳಿಸಿದರು, ಜಗಳವಾಡಿದರು. ಕೊನೆಗೆ ಸೇರಿಸಿದ್ದ ಹೆಚ್ಚಿನ ಪಟ್ಟಿಗಳೆಲ್ಲ ಹೊರಗೆ ಬಂದವು. ಹಿದಾಯತ್ ಕುಲುಮೆ ಹೊತ್ತಿಸಿ, ಅಚ್ಚಿನಿಂದ ಮುಂದಕ್ಕಷ್ಟೇ ಚಾಚುವ ಗಿಡ್ಡ ಪಟ್ಟಿಗಳನ್ನು ಬಾಗಿಸಿ ಕೂರಿಸಿ, ಮುಂದಿನ ಅರ್ಧವನ್ನು ಕ್ಲಾಂಪು ಹಾಕಿ ಒಂದೇ ಮೈ ಮಾಡಿದ. ಹಿಂದಿನ ಅರ್ಧದ ಪಟ್ಟಿಗಳು ಒಂದರ ಮೇಲೊಂದು ಜಾರಲು ಬಿಟ್ಟ. ಆಮೇಲೆ ಉಚ್ಚಂಗೆಪ್ಪ ಹೇಳಿದ ತಡೆ: ಎರಡೂ ಬದಿ ಅಚ್ಚಿಗೆ ಬಿಗಿದ ದಪ್ಪ ಕಬ್ಬಿಣದ ತೋಳು, ಕಮಾನಿನ ಕೆಳಗೇ ಮುಂದಕ್ಕೆ ಸಾಗಿ, ತುದಿಯಲ್ಲೊಂದು ರಬ್ಬರ್ ಗಟ್ಟಿ. ಅಚ್ಚು ಮೂತಿ ಎತ್ತಿದರೆ ತೋಳು ಮೇಲೇರಿ, ರಬ್ಬರು ಕಮಾನಿನ ಮುಂದಿನ ಕೊನೆಗೆ ಆತು ನಿಲ್ಲಬೇಕು.

ಮೊದಲ ಸಲ ಓಡಿಸಿದಾಗ ಕುಣಿತ ಅರ್ಧಕ್ಕರ್ಧ ಹೋಗಿತ್ತು. ರಸ್ತೆಯ ಮೇಲೆ ಬಲಗಡೆ ಚಕ್ರದ ಕಪ್ಪು ಗೀರು ಮಾತ್ರ ಮೂಡಿತ್ತು. ಉಚ್ಚಂಗೆಪ್ಪ ಕುಕ್ಕುರುಗಾಲಲ್ಲಿ ಕೂತು ಗೀರಿನ ಮೇಲೆ ಕೈಯಾಡಿಸಿದ. ಗಾಡಿ ಹೊರಡುವಾಗ ಬಲ ಚಕ್ರ ಹಗುರಾಗಿ ಜಾರುತ್ತಿದೆ. ಬಲಗಡೆಯ ರಬ್ಬರ್ ಗಟ್ಟಿಯನ್ನು ಇನ್ನಷ್ಟು ಎತ್ತಿ, ನಿಂತಾಗಲೇ ಕಮಾನಿಗೆ ತಾಗುವಂತೆ ಮಾಡಿದರು. ಈಗ ಎರಡೂ ಚಕ್ರ ಒಟ್ಟಿಗೇ ನೆಲ ಕಚ್ಚಿದವು. ಆದರೂ ವಾಮದೇವಪ್ಪ ಹೊರಟಾಗಲೆಲ್ಲ ಗಾಡಿ ಒಮ್ಮೆ ಕೊಸರುತ್ತಿತ್ತು.

"ಕ್ಲಚ್ ದಬಕ್ಕಂತ ಬಿಡಬ್ಯಾಡ್ರಿ ಸಾವ್ಕಾರ್ರೆ! ಅದು ಹಿಡಿಯಾಕತ್ತಿದ್ದು ಕಾಲಿಗೆ ತಿಳಿಬೇಕು, ಆಮೇಲೆ ಬಿಡಬೇಕು," ಎಂದು ಉಚ್ಚಂಗೆಪ್ಪ ಕೂಗಿದ.

ವಾಮದೇವಪ್ಪ ಗಾಡಿ ನಿಲ್ಲಿಸಿ ಇಳಿದರು. "ನನ್ನ ಕಾಲು ತಕ್ಕಡಿ ಮುಂದೆ ಕುಂತು ಕುಂತು ಜಡ್ಡುಗಟ್ಟೈತೆ. ತಗೋ ಕೀಲಿ. ರೇಸಿಗೆ ನೀನೇ ಕೂಡು."

ಉಚ್ಚಂಗೆಪ್ಪ ಕೀಲಿಯನ್ನು ನೋಡಿದ. "ಆಗಲ್ರಿ," ಎಂದ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ನಡೆದುಬಿಟ್ಟ.

ಮನೆ ಅಲ್ಲೇ ಆನೆಕೊಂಡದಲ್ಲಿ. ಹೆಂಡತಿ ಹಂಪವ್ವ ಸಂಜೆ ಮನೆ ಮುಂದೆ ಮಿರ್ಚಿ ಕರಿದು ಮಾರುತ್ತಿದ್ದಳು. ಗಿರಾಕಿಗಳು ಚದುರಿದ ಮೇಲೆ ಬಾಣಲೆ ಇಳಿಸಿ, ಗಂಡನ ಮುಂದೆ ಬಂದು ಕೂತಳು. ಹಿದಾಯತ್ ಆಗಲೇ ಬಂದು ಎಲ್ಲ ಹೇಳಿ ಹೋಗಿದ್ದ.

"ಯಾಕ ಒಲ್ಲೆ ಅಂದ್ರಿ?"

"ಕೈ ನಡುಗ್ತೈತೆ."

"ಹಿಂದೆ ಜನ ಕುಂತಿದ್ರೆ ನಡುಗ್ತೈತೆ ಅಂತಿದ್ರಿ. ರೇಸಿನಾಗೆ ಹಿಂದೆ ಯಾರು ಕುಂದ್ರತಾರೆ?"

ಅವನು ಹೆಗಲ ಟವೆಲ್ಲು ತೆಗೆದು ಪಕ್ಕಕ್ಕಿಟ್ಟ. ಆಮೇಲೆ ಅಂದ: "ಅವತ್ತು ಆ ಮುದುಕಿ ನನ್ನ ಹಿಂದಿನ ಸೀಟಿನಾಗೆ ಕುಂತಿತ್ತು. ಬಸ್ಸು ವಾಲಿದ್ ಮ್ಯಾಲೆ 'ಯಪ್ಪಾ, ನಿನಗೇನಾತೋ' ಅಂತ ನನ್ನೇ ಕೇಳ್ತು. ತನ್ನ ಕೈ ಮುರಿದಿತ್ತು, ನನ್ನ ಕೇಳ್ತು ಹಂಪಿ."

ಹಂಪವ್ವ ಅವನ ಮೊಣಕಾಲಿನ ಮೇಲೆ ಕೈಯಿಟ್ಟಳು. ಈ ಮಾತನ್ನು ಅವನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

"ನಾಳೆ ನಾನು ಬರ್ತೀನಿ," ಎಂದಳು. "ಪಕ್ಕದಾಗೆ ಕುಂದ್ರತೀನಿ. ನನ್ನೊಬ್ಳನ್ನ ಕರ್ಕೊಂಡು ಹೋಗ್ರಿ, ಸಾಕು."

"ಏನಾರ ಆದ್ರೆ?"

"ಆದ್ರೆ ಇಬ್ರಿಗೂ ಆಗ್ತೈತೆ. ನಿಮ್ಮೊಬ್ರನ್ನ ಬಿಟ್ಟು ನಾನೇನು ಮಿರ್ಚಿ ಕರೀತಾ ಕುಂದ್ರಬೇಕಾ?"

ಬೆಳಿಗ್ಗೆ ಅವಳು ಒಗೆದ ಸೀರೆ ಉಟ್ಟು, ಮದುವೆಗೆ ಹೊರಟವಳಂತೆ ಅಂಗಡಿಗೆ ಬಂದು ಪಿಕಪ್ಪು ಹತ್ತಿ ಕೂತಳು. ಹಿದಾಯತ್ ಅಂಗಡಿಯ ಒಳಗೇನೋ ಹುಡುಕುವವನಂತೆ ಬೆನ್ನು ತಿರುಗಿಸಿ ನಿಂತ. ಉಚ್ಚಂಗೆಪ್ಪ ಹತ್ತಿದ, ಇಳಿದ, ಗಾಡಿಯ ಕೆಳಗೆ ತೂರಿ ತಾನೇ ಬಿಗಿದ ಒಂದೊಂದು ಬೋಲ್ಟನ್ನೂ ಮುಟ್ಟಿ ನೋಡಿದ, ಮತ್ತೆ ಹತ್ತಿದ. ನಡುಗುವ ಕೈಯಲ್ಲೇ ಕೀಲಿ ತಿರುಗಿಸಿದ.

ದಾರಿಯುದ್ದಕ್ಕೂ ಹಂಪವ್ವನ ಬಾಯಿಗೆ ಬಿಡುವಿರಲಿಲ್ಲ. ಎಣ್ಣೆ ತುಟ್ಟಿಯಾದದ್ದು, ಪಕ್ಕದ ಮನೆ ಮಾರೆಮ್ಮನ ಸೊಸೆ ಹಡೆದದ್ದು, ಈ ಗಾಡಿಯ ಸೀಟು ಚುಚ್ಚುವುದು. ಊರು ದಾಟುವ ಹೊತ್ತಿಗೆ ಉಚ್ಚಂಗೆಪ್ಪ ಅವಳ ಮಾತಿಗೆ ಹೂಂಗುಟ್ಟುತ್ತ, ತನ್ನ ಕೈಯ ನಡುಕ ಯಾವಾಗ ನಿಂತಿತೆಂದು ತನಗೇ ತಿಳಿಯದೆ, ಮೂರನೇ ಗೇರಿಗೆ ಬಂದಿದ್ದ. ಖಾಲಿ ರಸ್ತೆ ಬಂದಾಗ ಗಾಡಿ ನಿಲ್ಲಿಸಿ, "ಗಟ್ಟಿ ಹಿಡ್ಕೋ," ಎಂದ. ಎಂಜಿನ್ ಏರಿಸಿ, ಕ್ಲಚ್ಚು ಹಿಡಿಯುವುದನ್ನು ಪಾದದಲ್ಲಿ ಕೇಳಿ, ಬಿಟ್ಟ. ಹಿಂಭಾಗ ಒಮ್ಮೆ ಕುಳಿತಂತಾಯಿತು, ಅಷ್ಟೇ. ಕುಣಿತವಿಲ್ಲ, ಕೊಸರಾಟವಿಲ್ಲ. ಬೆನ್ನಿಗೆ ಯಾರೋ ಕೈಕೊಟ್ಟು ನೂಕಿದಂತೆ ಪಿಕಪ್ಪು ಹಾರಿತು.

ಹಂಪವ್ವನ ಸೆರಗು ಹಿಂದಕ್ಕೆ ಹಾರಿ ಅವಳು ನಗತೊಡಗಿದಳು. "ಇನ್ನೊಂದ್ಸಲ ಬಿಡ್ರಿ!"

ರಾಜ್ಯೋತ್ಸವದ ದಿನ ಹರಿಹರದ ಹೊಸ ರಸ್ತೆಯ ಎರಡೂ ಬದಿ ಜನ. ಕಾರ್ಖಾನೆ ಕೆಲಸಗಾರರು, ಮಂಡಕ್ಕಿ ಪೊಟ್ಟಣ ಹಿಡಿದ ಸಂಸಾರಗಳು. ಹಿಂದಿನ ವರ್ಷ ನಕ್ಕವರು ಈ ವರ್ಷವೂ ಪಿಕಪ್ಪನ್ನು ಕಂಡು "ಕತ್ತೆ ಬಂತು ಕತ್ತೆ" ಎಂದರು. ಉಚ್ಚಂಗೆಪ್ಪ ಮೊದಲ ಓಟದಲ್ಲಿ ಪಕ್ಕದ ಜೀಪನ್ನು ಅರ್ಧ ದಾರಿಯಲ್ಲೇ ಹಿಂದೆ ಬಿಟ್ಟ. ಎರಡನೆಯದರಲ್ಲೂ ಗೆದ್ದ. ಕತ್ತೆ ಎಂದವರು ಸುಮ್ಮನಾದರು.

ಕೊನೆಯ ಓಟ ಹರಿಹರದ ಲಾಲ್ ಸಾಬನ ಜೊತೆ. ಅವನದು ಕೆಂಪು ಜೀಪು, ಮೈಯೆಲ್ಲ ಹಗುರ ಮಾಡಿದ್ದು. ಬಾವುಟ ಬಿತ್ತು. ಹೊರಡುವಾಗ ಪಿಕಪ್ಪೇ ಮುಂದು, ಒಂದು ಗಾಡಿಯುದ್ದ ಮುಂದು. ಹಿದಾಯತ್ ರಸ್ತೆಯಂಚಿನಲ್ಲಿ ಓಡುತ್ತ "ಯಾ ಅಲ್ಲಾ, ಕಚ್ಚಿ ಹಿಡಿ, ಕಚ್ಚಿ ಹಿಡಿ!" ಎಂದು ಕೂಗುತ್ತಿದ್ದ. ಕೊನೆಗೆ ಕೊನೆಗೆ ಹಗುರ ಜೀಪು ಮೇಲೆ ಬಂದು, ಮೂತಿಯಷ್ಟು ಅಂತರದಲ್ಲಿ ಮೊದಲು ಗೆರೆ ದಾಟಿತು.

ಉಚ್ಚಂಗೆಪ್ಪ ಇಳಿಯುವ ಮೊದಲೇ ವಾಮದೇವಪ್ಪ ಓಡಿ ಬಂದು ಅವನನ್ನು ಅಪ್ಪಿಕೊಂಡರು. "ಕುಣೀಲಿಲ್ಲ ನೋಡಲೇ! ಒಂದ್ಸಲಾನೂ ಕುಣೀಲಿಲ್ಲ!" ಗೆದ್ದವನಿಗಿಂತ ಹೆಚ್ಚು ಗದ್ದಲ ಅವರದೇ. ಲಾಲ್ ಸಾಬ್ ಬಂದು ನೇರ ಪಿಕಪ್ಪಿನ ಕೆಳಗೆ ತೂರಿದ. ಹೊರಬಂದು, ಕೈ ಒರೆಸಿಕೊಳ್ಳುತ್ತ, "ಹಿದಾಯತ್ ಭಾಯ್, ನನ್ನ ಜೀಪಿಗೂ ಇಂಥಾದ್ದು ಮಾಡಿಕೊಡ್ರಿ. ಮುಂದಿನ ವರ್ಷ ಸರಿಸಮ ಓಡಿಸೋಣ," ಎಂದ.

ಜನ ಕರಗುತ್ತಿದ್ದಾಗ ಬಸ್ಸಿನ ಮಾಲೀಕ ನಾಗರಾಜಪ್ಪ ಹತ್ತಿರ ಬಂದರು. ಅವರೂ ಓಟ ನೋಡಲು ಬಂದಿದ್ದರು.

"ಉಚ್ಚಂಗೆಪ್ಪ, ನಿನ್ನ ಬಸ್ಸಿಗೆ ಇನ್ನೂ ಖಾಯಂ ಡ್ರೈವರ್ನ ಹಾಕಿಲ್ಲಪ್ಪ ನಾನು."

ಉಚ್ಚಂಗೆಪ್ಪ ಅವರ ಮುಖ ನೋಡಿದ. "ಮೊದ್ಲು ಖಾಲಿ ಬಸ್ಸು ಓಡಿಸ್ತೀನ್ರಿ. ಆಮೇಲೆ ಬೆಳಗಿನ ಮೊದಲ ಟ್ರಿಪ್ಪು, ಅದ್ರಾಗೆ ಜನ ಕಮ್ಮಿ. ಹಂಗೇ ಒಂದೊಂದೇ... ನಡೀತೈತಾ?"

"ನಡೀತೈತೆ. ನಿನಗೆ ಹೆಂಗೆ ಬೇಕೋ ಹಂಗೆ."

ಹಿದಾಯತ್ ತೊಟ್ಟಿಯಲ್ಲಿ ಕಾಲು ಚಾಚಿ ಕೂತ. ವಾಮದೇವಪ್ಪನವರೂ ಸಾವ್ಕಾರಿಕೆ ಮರೆತು ಅವನ ಪಕ್ಕ ಹತ್ತಿದರು. ಇಬ್ಬರೂ ಓಟವನ್ನು ಮೊದಲಿನಿಂದ ಮತ್ತೆ ಹೇಳಿಕೊಳ್ಳತೊಡಗಿದರು. ಮುಂದೆ ಹಂಪವ್ವ, ದಿನವಿಡೀ ಬಿಸಿಲಲ್ಲಿ ನಿಂತು ಕೂಗಿ ದಣಿದವಳು, ಹರಿಹರದ ಕೊನೆಯ ಮನೆ ದಾಟುವ ಮೊದಲೇ ಕಿಟಕಿಗೆ ಒರಗಿ ನಿದ್ದೆ ಹೋದಳು. ಹಿಂದಿನವರ ನಗು ಕೇಳಿಸುತ್ತಲೇ ಇತ್ತು. ಉಚ್ಚಂಗೆಪ್ಪ ಅವಳ ತಲೆ ಕುಲುಕದ ಹಾಗೆ ವೇಗ ತಗ್ಗಿಸಿ, ಸಂಜೆಯ ರಸ್ತೆಯಲ್ಲಿ ದಾವಣಗೆರೆಯ ಕಡೆ ಗಾಡಿ ಬಿಟ್ಟ.