ಮುಚ್ಚದ ತೂಬು

ಮೆಟ್ರಿಯ ಹುಲುಗಪ್ಪ ಕಾಲುವೆಯ ತೂಬು ಕಾಯುವ ಆಳು. ಯಾವ ಹೊಲಕ್ಕೆ ಎಷ್ಟು ನೀರು ಬೇಕೆಂದು ಬಲ್ಲವನಿಗೆ ಹೆಂಡತಿಯ ಎಲುಬಿಗೆ ಏನು ಬೇಕೆಂಬುದು ಮಾತ್ರ ತಿಳಿಯಲಿಲ್ಲ, ಪಾಪ. ಭರಮಮ್ಮನಿಗೆ ಮೈಯೆಲ್ಲ ನೋವು, ನಲವತ್ತಕ್ಕೇ ಬೆನ್ನು ಬಾಗಿತ್ತು. ಭತ್ತದ ಗದ್ದೆಯಲ್ಲಿ ಕಾಲು ಜಾರಿದ್ದಷ್ಟೇ, ಮುಂಗೈ ಮುರಿಯಿತು. ಎಲುಬಿಗೆ ಸುಣ್ಣ ಸಾಲದೆಂದು ಊರವರು ಹೇಳಿದರು. ಅವನು ಅವಳ ಎಲೆಯಡಿಕೆಗೆ ಇಮ್ಮಡಿ ಸುಣ್ಣ ಹಚ್ಚಿದ, ಮಜ್ಜಿಗೆಗೂ ಸುಣ್ಣದ ತಿಳಿ ಬೆರೆಸಿದ. ಬಾಯಿ ಸುಟ್ಟಿತೇ ಹೊರತು ನೋವು ಇಳಿಯಲಿಲ್ಲ.

ಬಳ್ಳಾರಿಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಮೊದಲು ಸುಣ್ಣ ನಿಲ್ಲಿಸಿ ಎಂದರು. ರಕ್ತದಲ್ಲಿ ಅದು ಆಗಲೇ ತುಂಬಿ ತುಳುಕುತ್ತಿತ್ತು.

"ಕೊರಳೊಳಗೆ ಅಕ್ಕಿಕಾಳಿನಷ್ಟು ಸಣ್ಣ ಗ್ರಂಥಿಗಳಿವೆ. ರಕ್ತದಲ್ಲಿ ಸುಣ್ಣ ಕಡಿಮೆಯಾದರೆ ಒಂದು ರಸ ಬಿಡುತ್ತವೆ. ಎಲುಬು ಕಟ್ಟುವ ಕಣಗಳಿಗೆ ಅದು ಸುದ್ದಿ ಮುಟ್ಟಿಸುತ್ತೆ. ಅವು ಎಲುಬು ತಿನ್ನುವ ಕಣಗಳನ್ನು ಬೆಳೆಸಿ ಕೆಲಸಕ್ಕೆ ಹಚ್ಚುತ್ತವೆ. ಎಲುಬು ಕರಗಿ ಸುಣ್ಣ ರಕ್ತಕ್ಕೆ ಬರುತ್ತೆ. ಆ ರಸ ಆಗಾಗ ಬಂದು ಹೋದರೆ ಎಲುಬಿಗೆ ಒಳ್ಳೆಯದೇ. ಇವರದೊಂದು ಗ್ರಂಥಿ ಊದಿಕೊಂಡು, ನಿಲ್ಲಿಸೋದನ್ನೇ ಮರೆತಿದೆ."

"ನಮ್ಮ ಕಾಲುವಿ ಹಂಗ ಐತ್ರಿ," ಎಂದ ಹುಲುಗಪ್ಪ. "ಸರತಿ ಮ್ಯಾಲೆ ಬಿಟ್ರ ಬೆಳಿ. ತೂಬು ಮುಚ್ಚಲಿಲ್ಲಂದ್ರ ಹೊಲ ಉಪ್ಪೇರಿ ಸವಳು."

"ಹೌದು. ಆ ಗ್ರಂಥಿಯನ್ನು ತೆಗೆಯಬೇಕು. ಬಿಟ್ಟರೆ ನಾಳೆ ಸೊಂಟ ಮುರಿಯುತ್ತೆ."

ಅವನು ಒಪ್ಪಿದ. ವಾರ್ಡಿಗೆ ಸೇರಿಸಿದ ಮೇಲೂ ಅವಳು ಒಪ್ಪಲಿಲ್ಲ. ಕೊರಳು ಕೊಯ್ಯುವಾಗ ತಾಳಿ ತೆಗೆಯಬೇಕಂತೆ. ಗಂಡ ಬದುಕಿರುವಾಗ ತಾಳಿ ತೆಗೆದಿಟ್ಟ ಹೆಣ್ಣು ಅವಳ ತವರಿನಲ್ಲೂ ಇಲ್ಲ, ಅತ್ತೆಮನೆಯಲ್ಲೂ ಇಲ್ಲ.

"ಮುರದ್ರ ಮುರೀಲಿ ಬಿಡ್ರಿ. ನಿಮಗೇನರ ಆದ್ರ ನಾ ಗಟ್ಟಿ ಎಲುಬು ಇಟ್ಕೊಂಡು ಏನ್ ಮಾಡ್ಲಿ?"

ಹುಲುಗಪ್ಪನಿಗೆ ಸಿಟ್ಟೂ ಬಂತು, ಕಣ್ಣೂ ತುಂಬಿತು. ಇಂಥ ಮೊಂಡು ಹೆಂಗಸನ್ನು ಕಳಕೊಂಡು ಬದುಕುವುದು ಅವನಿಂದ ಆಗದ ಮಾತು.

"ತಾಳಿ ಕೊರಳಾಗ ಇರ್ಬೇಕು, ಅಷ್ಟ ಹೌದಿಲ್ಲೋ? ನನಗೂ ಒಂದು ಕೊರಳು ಐತಲ್ಲ."

ವಾರ್ಡಿನ ಹೆಂಗಸರು ಸೆರಗು ಬಾಯಿಗೊತ್ತಿ ನಗುತ್ತಿರುವಾಗಲೇ, ಆ ಹುರಿಮೀಸೆಯ ಗಂಡಸು ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು ತಲೆ ಬಾಗಿಸಿದ. ಭರಮಮ್ಮ ಕರಿಮಣಿ ಸರವನ್ನು ಒಂದೇ ಕೈಯಿಂದ ಎತ್ತಿ, ನಡುವೆ ಎಲ್ಲೂ ಇಳಿಸದೆ, ಅವನ ಕೊರಳಿಗೆ ಹಾಕಿದಳು. ಆಮೇಲೆ ಸ್ಟ್ರೆಚರಿನ ಮೇಲೆ ಮಲಗಿದಳು.

ಎಚ್ಚರವಾದಾಗ ಅವಳ ಕೊರಳ ತುಂಬ ಬ್ಯಾಂಡೇಜು. ಗಾಯ ಮಾಯುವ ತನಕ ಅಲ್ಲಿ ಏನೂ ಹಾಕುವಂತಿಲ್ಲ ಎಂದಳು ನರ್ಸು. ಹುಲುಗಪ್ಪ ಅಂಗಿಯ ಗುಂಡಿ ಬಿಚ್ಚಿ ತಾಳಿ ತೋರಿಸಿದ. ಭರಮಮ್ಮ ಅದನ್ನು ಮುಟ್ಟಿ ನೋಡಿ, ಒಡಕು ದನಿಯಲ್ಲಿ ಹರಸಿದಳು.

"ಮುತ್ತೈದಿಯಾಗಿ ನೂರು ವರ್ಷ ಬಾಳ್ರಿ."

"ಹಂಗಾದ್ರ ನೀನೂ ಬದುಕಬೇಕಾಗ್ತದಲೇ."

"ಬದುಕ್ತೀನಿ ಬಿಡ್ರಿ," ಎಂದಳು.